ಭಾರ ಜಾಗ ಬದಲಿಸಿದಾಗ: ಒಂದು ಟರ್ಬೋಫ್ಯಾನ್ ಎಂಜಿನ್ನಿನ ನಡುಕದ ಪ್ರಕರಣ

ಇದು ಅಪಘಾತದ ಕಥೆ ಅಲ್ಲ. ಯಾರಿಗೂ ಏಟಾಗಲಿಲ್ಲ, ಯಾವ ಪೇಪರಿನಲ್ಲೂ ಬರಲಿಲ್ಲ. ಒಂದು ವಿಮಾನದ ಎಡ ಎಂಜಿನ್ ಐದಾರು ವಾರ ಸಣ್ಣಗೆ ನಡುಗುತ್ತಿತ್ತು, ಅಷ್ಟೇ. ಆ ನಡುಕಕ್ಕೆ ನಾವು ಮೊದಲು ಕೊಟ್ಟ ಮದ್ದು ತಪ್ಪಾಗಿತ್ತು. ತಪ್ಪು ಎಂದು ಗೊತ್ತಾದ ರೀತಿ ಮಾತ್ರ ಸ್ವಾರಸ್ಯವಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿ ಯಾವುದು, ಯಾವ ಊರು, ಎಂಜಿನ್ ಯಾವ ಮಾದರಿ ಎಂದು ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಆಗ ಲೈನ್ ಮೇಂಟೆನೆನ್ಸ್‌ನಲ್ಲಿ ನೈಟ್ ಶಿಫ್ಟ್ ನೋಡುತ್ತಿದ್ದೆ. ರಾತ್ರಿ ನಿಂತ ವಿಮಾನಗಳನ್ನು ಬೆಳಗಿನ ಹೊತ್ತಿಗೆ ಹಾರಲು ಬಿಡುವ ಸಹಿ ನನ್ನದು. ಹಾಗಾಗಿ ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಫ್ಯಾನ್ ಎಂಬ ದೊಡ್ಡ ಚಕ್ರ

ವಿಮಾನ ಹತ್ತುವಾಗ ಎಂಜಿನ್ನಿನ ಬಾಯಲ್ಲಿ ಒಂದು ದೊಡ್ಡ ಚಕ್ರ ಕಾಣುತ್ತದಲ್ಲ, ಅದೇ ಫ್ಯಾನ್. ಅದು ಇರುವ ಜೆಟ್ ಎಂಜಿನ್ನಿಗೇ ಟರ್ಬೋಫ್ಯಾನ್ ಎನ್ನುವುದು. ಜೆಟ್ ಎಂಜಿನ್ ಎಂದರೆ ಒಳಗೆ ಬೆಂಕಿ ಹೊತ್ತಿಸಿ ಹಿಂದಕ್ಕೆ ಬಿಸಿ ಗಾಳಿ ಉಗುಳುವುದು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಪ್ರಯಾಣಿಕರ ವಿಮಾನದ ಮಟ್ಟಿಗೆ ಅದು ಅರ್ಧ ಸತ್ಯ. ಒಳಗೆ ಬೆಂಕಿ ಉರಿಯುವುದು ನಿಜ. ಆದರೆ ಆ ಬೆಂಕಿಯ ಮುಖ್ಯ ಕೆಲಸ ಹಿಂದಿನ ಟರ್ಬೈನ್ ತಿರುಗಿಸುವುದು. ಟರ್ಬೈನ್ ಉದ್ದನೆಯ ಶಾಫ್ಟ್ ಮೂಲಕ ಮುಂದಿನ ಫ್ಯಾನ್ ತಿರುಗಿಸುತ್ತದೆ. ಫ್ಯಾನ್ ಒಳಗೆಳೆದ ಗಾಳಿಯಲ್ಲಿ ಸ್ವಲ್ಪ ಭಾಗ ಮಾತ್ರ ಬೆಂಕಿಯ ಕಡೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಹೊರಗಿನಿಂದ ಸುತ್ತಿಕೊಂಡು ತಣ್ಣಗೆ ಹಿಂದಕ್ಕೆ ಹೋಗುತ್ತದೆ. ಈ ಸುತ್ತು ಗಾಳಿಗೆ ಬೈಪಾಸ್ ಎನ್ನುತ್ತಾರೆ. ಬೈಪಾಸ್ ಅನುಪಾತ 5 ಎಂದರೆ ಒಳಗೆ ಹೋದ ಒಂದು ಪಾಲಿಗೆ ಹೊರಗೆ ಐದು ಪಾಲು. ಟೇಕಾಫ್ ಹೊತ್ತಲ್ಲಿ ಇಂಥ ಎಂಜಿನ್ನಿನ ತಳ್ಳುಬಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬರುವುದು ಈ ತಣ್ಣನೆ ಗಾಳಿಯಿಂದಲೇ. ಸ್ವಲ್ಪ ಗಾಳಿಯನ್ನು ಭಾರೀ ವೇಗದಲ್ಲಿ ತಳ್ಳುವುದಕ್ಕಿಂತ ಜಾಸ್ತಿ ಗಾಳಿಯನ್ನು ಹದವಾದ ವೇಗದಲ್ಲಿ ತಳ್ಳಿದರೆ ಇಂಧನ ಉಳಿಯುತ್ತದೆ, ಸದ್ದೂ ಕಡಿಮೆ.

ಬೆಂಗಳೂರಿನವರಿಗೆ ಜೆಟ್ ಎಂಜಿನ್ ಎಂದರೆ ತೇಜಸ್, ಕಾವೇರಿ ನೆನಪಾಗುವುದು ಸಹಜ. ತೇಜಸ್‌ನಲ್ಲಿರುವ ಎಫ್404, ಇಲ್ಲೇ ರೂಪುಗೊಂಡ ಕಾವೇರಿ, ಎರಡೂ ಟರ್ಬೋಫ್ಯಾನ್‌ಗಳೇ. ಆದರೆ ಅವುಗಳಲ್ಲಿ ಬೈಪಾಸ್ ಗಾಳಿ ಒಳಗಿನ ಗಾಳಿಗಿಂತ ಬಹಳ ಕಡಿಮೆ. ಯುದ್ಧ ವಿಮಾನಕ್ಕೆ ಸಣ್ಣ ಮೂತಿ ಬೇಕು, ವೇಗ ಬೇಕು. ನಮ್ಮ ಪ್ರಕರಣದ್ದು ದೊಡ್ಡ ಮೂತಿಯ ಜಾತಿ.

ಗಾತ್ರದ ಅಂದಾಜಿಗೆ, ಈ ವರ್ಗದಲ್ಲಿ ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ, ಬೋಯಿಂಗ್ 737 ವಿಮಾನಗಳಲ್ಲಿ ಕಾಣುವ ಸಿಎಫ್ಎಂ56-7ಬಿ ಎಂಜಿನ್ ತೆಗೆದುಕೊಳ್ಳಿ. ಫ್ಯಾನಿನ ವ್ಯಾಸ 61 ಇಂಚು. ಟೈಟಾನಿಯಂ ಬ್ಲೇಡ್‌ಗಳು 24. ಫ್ಯಾನ್ 100 ಶೇಕಡ ವೇಗದಲ್ಲಿದ್ದರೆ ನಿಮಿಷಕ್ಕೆ 5,175 ಸುತ್ತು. ಆ ವೇಗದಲ್ಲಿ ಬ್ಲೇಡಿನ ತುದಿ ಶಬ್ದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಟೇಕಾಫ್ ಆಗುವಾಗ ಮುಂದಿನ ಸಾಲುಗಳಲ್ಲಿ ಕೂತವರಿಗೆ ಗರಗಸ ಎಳೆದ ಹಾಗೆ ಒಂದು ಸದ್ದು ಕೇಳುತ್ತದೆ. ಅದು ಇದರದ್ದೇ, ಹೆದರಬೇಕಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಈ ವೇಗದಲ್ಲಿ ಮಧ್ಯದಿಂದ 60 ಸೆಂಟಿಮೀಟರ್ ದೂರದಲ್ಲಿ ಬರೀ 10 ಗ್ರಾಂ ಭಾರ ಹೆಚ್ಚಾಗಿ ಕೂತಿದೆ ಎನ್ನಿ. ಅದು ಶಾಫ್ಟನ್ನು ಸುಮಾರು 180 ಕೆಜಿ ಬಲದಿಂದ ಒಂದು ಕಡೆ ಎಳೆಯುತ್ತದೆ. ಅದೂ ಸೆಕೆಂಡಿಗೆ 86 ಸಲ ದಿಕ್ಕು ತಿರುಗಿಸುತ್ತಾ. 10 ಗ್ರಾಂ ಎಂದರೆ ಎರಡು ಚಮಚ ಸಕ್ಕರೆ. ಫ್ಯಾನಿನ ವಿಷಯದಲ್ಲಿ ನಾವು ಗ್ರಾಂ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಇನ್ನೊಂದು ಸಂಗತಿ ಮುಂದೆ ಬೇಕಾಗುತ್ತದೆ. ಬ್ಲೇಡ್‌ಗಳನ್ನು ಮಧ್ಯದ ಡಿಸ್ಕಿಗೆ ಬೆಸುಗೆ ಹಾಕಿರುವುದಿಲ್ಲ, ಬೋಲ್ಟ್ ಬಿಗಿದಿರುವುದಿಲ್ಲ. ಬ್ಲೇಡಿನ ಬುಡ ಕೆಳಗೆ ಅಗಲ, ಮೇಲೆ ಕಿರಿದು. ಡಿಸ್ಕಿನಲ್ಲಿ ಅದೇ ಆಕಾರದ ಕೊರೆ ಇರುತ್ತದೆ. ಮರಗೆಲಸದವರು ಡ್ರಾಯರ್ ಮೂಲೆ ಕೂಡಿಸುವಾಗ ಮಾಡುವ ಜೋಡಣೆಯ ಹಾಗೆಯೇ. ಬುಡವನ್ನು ಮುಂದಿನಿಂದ ಕೊರೆಯೊಳಗೆ ಜಾರಿಸುತ್ತಾರೆ. ಎಂಜಿನ್ ನಿಂತಾಗ ಬ್ಲೇಡ್ ಒಳಗೆ ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ಜೋರಾಗಿ ತಿರುಗಿದಾಗ ಹೊರಕ್ಕೆ ಎಳೆದು ಗಟ್ಟಿಯಾಗಿ ಕೂರುತ್ತದೆ. ಒಂದೊಂದು ಬ್ಲೇಡಿನ ಮೇಲೆ ಹತ್ತಾರು ಟನ್ ಎಳೆತ. ಟೈಟಾನಿಯಂ ಮೇಲೆ ಟೈಟಾನಿಯಂ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಬುಡಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಒಣ ಲೇಪ ಹೊಡೆಯುತ್ತಾರೆ. ನಾವು ಸುಮ್ನೆ ಲೂಬ್ ಎನ್ನುತ್ತೇವೆ. ನಿಗದಿತ ಹಾರಾಟಗಳಾದ ಮೇಲೆ ಬ್ಲೇಡ್‌ಗಳನ್ನೆಲ್ಲ ಹೊರಗೆಳೆದು, ಬುಡ ಪರೀಕ್ಷಿಸಿ, ಹೊಸ ಲೂಬ್ ಹೊಡೆದು ಮತ್ತೆ ಕೂರಿಸಬೇಕು.

ನಮ್ಮ ವಿಮಾನದ ಎಡ ಎಂಜಿನ್ನಿಗೆ ಈ ಕೆಲಸ ಐದು ವಾರದ ಹಿಂದೆ ಬೇರೊಂದು ಬೇಸ್‌ನಲ್ಲಿ ಆಗಿತ್ತು. ಹಾಗಾಗಿ ನಮ್ಮೆಲ್ಲರ ತಲೆಯಲ್ಲಿ ಫ್ಯಾನ್ ಹೊಸದಾಗಿ ಸರ್ವಿಸ್ ಆಗಿದೆ, ಅದರ ಕಡೆ ನೋಡುವ ಅಗತ್ಯವಿಲ್ಲ ಎಂದು ಕೂತುಬಿಟ್ಟಿತ್ತು.

ನಡುಕ

ಮೊದಲ ದೂರು ಬಂದದ್ದು ಪೈಲಟ್‌ನಿಂದಲ್ಲ, ಕ್ಯಾಬಿನ್ ಸಿಬ್ಬಂದಿಯಿಂದ. ಮೇಲೇರುವಾಗ ರೆಕ್ಕೆಯ ಹತ್ತಿರದ ಸಾಲುಗಳಲ್ಲಿ ಪಾದದ ಕೆಳಗೆ ಜುಮ್ಮೆನ್ನುತ್ತದೆ, ಲೋಟದ ನೀರಿನಲ್ಲಿ ಸಣ್ಣ ಅಲೆ ಏಳುತ್ತದೆ ಎಂದು. ಪೈಲಟ್ ಟೆಕ್ ಲಾಗ್‌ನಲ್ಲಿ, ಅಂದರೆ ವಿಮಾನದ ದೂರು ಪುಸ್ತಕದಲ್ಲಿ, ಬರೆದದ್ದು: ಎಡ ಎಂಜಿನ್ ವೈಬ್ರೇಷನ್ 2.6, ಬಲದ್ದು 0.6. ನಮ್ಮ ಎಂಜಿನ್ನಿಗೆ 4 ದಾಟಿದರೆ ಮಾತ್ರ ಪೈಲಟ್ ಏನಾದರೂ ಮಾಡಬೇಕು. ಮಿತಿಯೊಳಗೇ ಇದೆ.

ಮುಂದಿನ ಹತ್ತು ದಿನದಲ್ಲಿ ಇದೇ ಮಾತು ಮೂರು ಸಲ ಲಾಗ್‌ಗೆ ಬಂತು. ಮೂರು ಬೇರೆ ಬೇರೆ ಊರುಗಳಲ್ಲಿ ಮೂರು ಬೇರೆ ಬೇರೆ ಇಂಜಿನಿಯರ್‌ಗಳು ಟಾರ್ಚ್ ಹಿಡಿದು ಫ್ಯಾನ್ ನೋಡಿದರು. ಹಕ್ಕಿ ಬಡಿದ ಗುರುತಿಲ್ಲ, ಅಂಚಿನಲ್ಲಿ ಪೆಟ್ಟಿಲ್ಲ. 'ವೈಬ್ರೇಷನ್ ಮಿತಿಯೊಳಗಿದೆ, ಗಮನಿಸಿ' ಎಂದು ಬರೆದು ಮುಚ್ಚಿದರು. ಎರಡನೆಯ ಸಹಿ ನನ್ನದು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಮೂವರೂ ಅವತ್ತಿನ ಅಂಕಿ ಮಾತ್ರ ನೋಡಿದ್ದೆವು. ತಿಂಗಳ ಹಿಂದೆ ಇದೇ ಎಂಜಿನ್ 0.5ರಲ್ಲಿ ಓಡುತ್ತಿತ್ತು ಎಂಬುದನ್ನು ಯಾರೂ ತೆಗೆದು ನೋಡಲಿಲ್ಲ. ಜ್ವರ 100 ಡಿಗ್ರಿ ಇದ್ದರೆ ಅಪಾಯವಿಲ್ಲ ಸರಿ. ಆದರೆ ನಿನ್ನೆ ಇರಲಿಲ್ಲ, ಇವತ್ತು ಬಂದಿದೆ ಅಂದರೆ ಏನೋ ಆಗಿದೆ ಅಲ್ವಾ?

ನಾನು ಸಹಿ ಹಾಕಿದ ಆ ರಾತ್ರಿಯ ಒಂದು ಮಾತು ಹೇಳಲೇಬೇಕು. ನಮ್ಮ ಜೊತೆ ಹುಬ್ಬಳ್ಳಿ ಕಡೆಯ ಒಬ್ಬ ಟ್ರೇನಿ ಇದ್ದ. ಬಂದು ಎರಡು ತಿಂಗಳಾಗಿತ್ತು. ವಿಮಾನ ನಿಲ್ಲುವ ಅಂಗಳದಲ್ಲಿ, ಅಂದರೆ ಏಪ್ರನ್ ಮೇಲೆ, ಗಾಳಿ ಬೀಸುತ್ತಿತ್ತು, ಎರಡೂ ಫ್ಯಾನ್‌ಗಳು ಗಾಳಿಗೆ ತಾವಾಗಿಯೇ ನಿಧಾನ ತಿರುಗುತ್ತಿದ್ದವು. ಅವನು ಎಡ ಎಂಜಿನ್ ಮುಂದೆ ನಿಂತವನು ಬಲದ ಕಡೆ ಹೋದ, ವಾಪಸ್ ಬಂದ.

"ಸರ್ರ, ಬಲಗಡೇದು ಕಟಕಟ ಅಂತೈತ್ರಿ. ಇದು ಯಾಕೋ ಅಷ್ಟು ಸದ್ದ ಮಾಡವಲ್ದು."

ಸಡಿಲವಾಗಿ ಕೂತ ಬ್ಲೇಡ್‌ಗಳು ನಿಧಾನ ತಿರುಗುವಾಗ ಕೊರೆಯೊಳಗೆ ಆ ಕಡೆ ಈ ಕಡೆ ಬೀಳುತ್ತವೆ. ಅದರ ಸದ್ದು ಅದು. ಮೊದಲ ಸಲ ಕೇಳಿದವರಿಗೆ ಎಂಜಿನ್ ಒಳಗೆ ಏನೋ ಮುರಿದಿದೆ ಅನ್ನಿಸುತ್ತದೆ. ನಾನು ಅವನಿಗೆ ಅದನ್ನೇ ವಿವರಿಸಿದೆ. ಅದು ಮಾಮೂಲಿ, ಸದ್ದು ಕಡಿಮೆ ಇದ್ದರೆ ಒಳ್ಳೆಯದೇ, ಈಗ ತಾನೇ ಲೂಬ್ ಆಗಿದೆ ನೋಡು ಅಂದೆ. ಅವನು ತಲೆಯಾಡಿಸಿದ. ನನ್ನ ಉತ್ತರ ತಲೆಕೆಳಗಾಗಿತ್ತು. ಲೂಬ್ ಚೆನ್ನಾಗಿದ್ದರೆ ಬ್ಲೇಡ್ ಸಲೀಸಾಗಿ ಅಲುಗಾಡಬೇಕು.

ಕಲ್ಲಿಟ್ಟು ಸರಿ ಮಾಡಿದ್ದು

ನಾಲ್ಕನೆಯ ಸಲ ದೂರು ಬಂದಾಗ ಅಂಕಿ 2.8. ಈಗ ಏನಾದರೂ ಮಾಡೋಣ ಎಂದಾಯಿತು. ಒಬ್ಬರು ಹಿರಿಯರು ಸೆನ್ಸರ್ ಮೇಲೆ ಅನುಮಾನ ಪಟ್ಟರು. ಕನೆಕ್ಟರ್ ಬಿಚ್ಚಿ ತೊಳೆದು ಹಾಕಿದೆವು. ಏನೂ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಅದು ಕಾಲಹರಣ. ಪ್ರಯಾಣಿಕರ ಕಾಲಿಗೇ ನಡುಕ ತಾಗುತ್ತಿರುವಾಗ ಸೆನ್ಸರ್ ಸುಳ್ಳು ಹೇಳುತ್ತಿದೆ ಎನ್ನುವುದು ಹೇಗೆ?

ನಂತರ ಟ್ರಿಮ್ ಬ್ಯಾಲೆನ್ಸ್. ಇದು ಟಯರ್ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ ಸೀಸದ ತುಂಡು ಅಂಟಿಸುವ ಕೆಲಸದ್ದೇ ದೊಡ್ಡಣ್ಣ. ಎಂಜಿನ್ ಮೇಲಿನ ವೈಬ್ರೇಷನ್ ಯಂತ್ರ ನಡುಕ ಎಷ್ಟು ಎಂಬುದನ್ನು ಮಾತ್ರವಲ್ಲ, ಭಾರ ಯಾವ ಕೋನದಲ್ಲಿ ಜಾಸ್ತಿ ಇದೆ ಎಂಬುದನ್ನೂ ಅಳೆದು ಇಟ್ಟುಕೊಂಡಿರುತ್ತದೆ. ಹಿಂದಿನ ಹಾರಾಟಗಳ ಲೆಕ್ಕ ನೋಡಿ, ಇಂಥಿಂಥ ರಂಧ್ರದಲ್ಲಿ ಇಂಥ ತೂಕದ ಸ್ಕ್ರೂ ಹಾಕಿ ಎಂದು ಹೇಳುತ್ತದೆ. ಫ್ಯಾನಿನ ಮೂತಿಯಲ್ಲಿರುವ ಕೋನ್‌ನಲ್ಲಿ, ಅಂದರೆ ಸ್ಪಿನ್ನರ್‌ನಲ್ಲಿ, ಈ ಸ್ಕ್ರೂಗಳಿಗೆ ಜಾಗ ಇರುತ್ತದೆ. ಅರ್ಧ ಗಂಟೆಯ ಕೆಲಸ. ನಮಗೆ ಬಂದ ಉತ್ತರವನ್ನು ಗಡಿಯಾರದ ಭಾಷೆಯಲ್ಲಿ ಹೇಳಿದರೆ ನಾಲ್ಕು ಗಂಟೆಯ ಜಾಗದಲ್ಲಿ ಭಾರ ಸೇರಿಸಿ ಎಂದು.

ಸೇರಿಸಿದೆವು. ಮರುದಿನ ಬೆಳಗಿನ ಹಾರಾಟದಲ್ಲಿ ವೈಬ್ರೇಷನ್ 0.9. ಪೈಲಟ್ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಕ್ಯಾಂಟೀನಿನಲ್ಲಿ ನಾನೇ ಎಲ್ಲರಿಗೂ ಕಾಫಿ ಕೊಡಿಸಿದೆ. ಲಾಗ್‌ನಲ್ಲಿ ದೂರು ಮುಚ್ಚಿತು.

ಎಂಟು ದಿನದ ಮೇಲೆ 2.4.

ತಿರುವು

ಆ ರಾತ್ರಿ ಇನ್ನೊಬ್ಬ ಇಂಜಿನಿಯರ್ ಮತ್ತೆ ಟ್ರಿಮ್ ಬ್ಯಾಲೆನ್ಸ್ ಮಾಡಲು ಹೊರಟಿದ್ದ. ಹಿಂದಿನ ಸಲ ಕೆಲಸ ಮಾಡಿತ್ತಲ್ಲ, ಇನ್ನೊಂದು ಚೂರು ಸೇರಿಸಿದರೆ ಆಯಿತು ಎಂದು ಅವನ ಲೆಕ್ಕ. ಲೆಕ್ಕ ತೆಗೆದು ಸ್ಕ್ರೂ ಡಬ್ಬಿ ಕೈಗೆತ್ತಿಕೊಂಡ. ನಾನು ಪಕ್ಕದಲ್ಲಿ ಬೇರೆ ವಿಮಾನದ ಕಾಗದ ಬರೆಯುತ್ತಿದ್ದೆ. ಯಾವ ಜಾಗ ಬಂತು ಎಂದು ಸುಮ್ನೆ ಕೇಳಿದೆ.

"ಹತ್ತು ಗಂಟೆ," ಅಂದ.

ಒಂದು ಕ್ಷಣ ನನಗೆ ಹೊಳೆಯಲಿಲ್ಲ. ಆಮೇಲೆ ಹೋದ ವಾರದ ಕೆಲಸ ಬರೆದಿಟ್ಟ ಜಾಬ್ ಕಾರ್ಡ್ ತೆಗೆಸಿದೆ. ನಾಲ್ಕು ಗಂಟೆ. ಹತ್ತು ಗಂಟೆ ಎಂದರೆ ಅದರ ನೇರ ಎದುರು. ಅಂದರೆ ಯಂತ್ರ ಈಗ ಹೇಳುತ್ತಿರುವುದು ಹೊಸ ರೋಗದ ಬಗ್ಗೆ ಅಲ್ಲ. ನೀವು ಹೋದ ವಾರ ಇಟ್ಟ ಭಾರವೇ ಈಗ ತೊಂದರೆ ಕೊಡುತ್ತಿದೆ, ಅದನ್ನು ತೂಗಿಸಿ ಎನ್ನುತ್ತಿದೆ. ಹಾಗಾದರೆ ಹೋದ ವಾರ ಇದ್ದ ಅಸಮತೋಲ ಎಲ್ಲಿ ಹೋಯಿತು? ಯಂತ್ರದ ಮೊದಲ ಲೆಕ್ಕ ತಪ್ಪಿತ್ತು ಎನ್ನಲಾಗದು, ಭಾರ ಇಟ್ಟ ಮರುದಿನವೇ ನಡುಕ ಇಳಿದಿತ್ತಲ್ಲ.

ಬ್ಲೇಡಿಗೆ ಪೆಟ್ಟಾಗಿದ್ದರೆ, ಒಂದು ಚೂರು ಕಿತ್ತು ಹೋಗಿದ್ದರೆ, ಆ ಕೊರತೆ ಅದೇ ಜಾಗದಲ್ಲಿ ಇರಬೇಕು. ಲೋಹ ನಡೆದಾಡುವುದಿಲ್ಲ. ಇಲ್ಲಿ ಏನೋ ನಡೆದಾಡುತ್ತಿದೆ.

ಮನೆಯ ವಾಷಿಂಗ್ ಮೆಷಿನ್ ನೆನಪಿಸಿಕೊಳ್ಳಿ. ಒದ್ದೆ ರಗ್ಗು ಒಂದು ಕಡೆ ಸೇರಿಕೊಂಡರೆ ಸ್ಪಿನ್ ಆಗುವಾಗ ಇಡೀ ಮೆಷಿನ್ ಕುಣಿಯುತ್ತದೆ. ಅದಕ್ಕೆ ಎದುರು ಕಡೆ ಒಂದು ಕಲ್ಲು ಕಟ್ಟಿದರೆ ಆ ಸಲಕ್ಕೆ ನಿಲ್ಲುತ್ತದೆ. ಮುಂದಿನ ಸಲ ರಗ್ಗು ಬೇರೆ ಕಡೆ ಕೂರುತ್ತದೆ, ಕಲ್ಲು ಅಲ್ಲೇ ಇರುತ್ತದೆ. ನಾವು ಮಾಡಿದ್ದು ಅದನ್ನೇ.

ಸ್ಕ್ರೂ ಡಬ್ಬಿ ಕೆಳಗಿಡು ಅಂದೆ. ಎಂಜಿನ್ ದಾಖಲೆ ನೋಡುವ ವಿಭಾಗಕ್ಕೆ ಫೋನ್ ಮಾಡಿ, ಐದು ವಾರದ ಪ್ರತಿ ಹಾರಾಟದ ಫ್ಯಾನ್ ವೈಬ್ರೇಷನ್ ಕಳಿಸಿ ಎಂದು ಕೇಳಿದೆ. ರಾತ್ರಿ ಒಂದೂವರೆಗೆ ಅವರು ನಕ್ಕರೋ ಬೈದರೋ ಗೊತ್ತಿಲ್ಲ, ಕಳಿಸಿದರು. ಗ್ರಾಫ್ ನೋಡಿದ ಕೂಡಲೇ ಅರ್ಥವಾಯಿತು. ಲೂಬ್ ಆದ ದಿನದವರೆಗೆ ನೆಟ್ಟಗೆ ಒಂದೇ ಗೆರೆ. ಆಮೇಲೆ ಮೆಟ್ಟಿಲು ಮೆಟ್ಟಿಲು. ಒಂದು ಹಾರಾಟದ ಒಳಗೆ ಅಂಕಿ ಅಲುಗಾಡುವುದಿಲ್ಲ. ಎಂಜಿನ್ ನಿಂತು ಮತ್ತೆ ಶುರುವಾದಾಗ ಬದಲಾಗುತ್ತದೆ. ಅದರಲ್ಲೂ ರಾತ್ರಿ ನಿಲುಗಡೆ ಆದ ಮೇಲೆ ಜಾಸ್ತಿ.

ಎಂಜಿನ್ ನಿಂತಾಗ ಮಾತ್ರ ಜಾಗ ಬದಲಿಸಬಲ್ಲದ್ದು ಫ್ಯಾನಿನಲ್ಲಿ ಏನಿದೆ? ಬ್ಲೇಡಿನ ಬುಡ. ಲೂಬ್ ಕೆಟ್ಟಿದ್ದರೆ ಬುಡ ಕೊರೆಯೊಳಗೆ ಸಲೀಸಾಗಿ ಜಾರಿ ತನ್ನ ಜಾಗಕ್ಕೆ ಬರುವುದಿಲ್ಲ. ಎಲ್ಲೋ ಒಂದು ಕೂದಲೆಳೆಯಷ್ಟು ಓರೆಯಾಗಿ ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಬೇರೆ ಬೇರೆ ರೀತಿ. ಆಗ ಟ್ರೇನಿಯ ಮಾತು ನೆನಪಾಯಿತು. ಎಡಗಡೆಯದು ಸದ್ದು ಮಾಡುತ್ತಿಲ್ಲ.

ವಾದ

ಬ್ಲೇಡ್ ಎಲ್ಲ ಬಿಚ್ಚಬೇಕು ಎಂದರೆ ವಿಮಾನ ಬೆಳಗ್ಗೆ ಹಾರುವುದಿಲ್ಲ. ಬಿಚ್ಚಿ, ತೊಳೆದು, ಪರೀಕ್ಷಿಸಿ, ಲೂಬ್ ಹೊಡೆದು, ಒಣಗಿಸಿ, ಕೂರಿಸುವ ಹೊತ್ತಿಗೆ ಮಧ್ಯಾಹ್ನ ಆಗುತ್ತದೆ. ಕಂಟ್ರೋಲ್ ರೂಮಿನ ಡ್ಯೂಟಿ ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಮಿತಿ ಎಷ್ಟು ಸಾರ್?"

"ನಾಲ್ಕು."

"ಈಗ ಎಷ್ಟಿದೆ?"

"ಎರಡು ಪಾಯಿಂಟ್ ನಾಲ್ಕು."

"ಹನ್ನೊಂದು ದಿನಕ್ಕೆ ದೊಡ್ಡ ಚೆಕ್ ಬರುತ್ತೆ. ಹ್ಯಾಂಗರ್‌ನಲ್ಲಿ ಆರಾಮಾಗಿ ಮಾಡಬಹುದಲ್ವಾ? ಈಗ ಯಾಕೆ?"

ಅವರು ಕೇಳಿದ್ದು ತಪ್ಪಲ್ಲ. ಈ ಭಾಗವನ್ನು ಬರೆಯುವಾಗ ನಾನು ಹೀರೋ, ಅವರು ವಿಲನ್ ಎಂಬಂತೆ ಬರೆಯುವುದು ಸುಲಭ. ಆದರೆ ಆ ಕುರ್ಚಿಯಲ್ಲಿ ಕೂತವರು ಪ್ರತಿ ಅನುಮಾನಕ್ಕೂ ವಿಮಾನ ನಿಲ್ಲಿಸಿದರೆ ಬೆಳಗ್ಗೆ ಹಾರಲು ಏನೂ ಉಳಿಯುವುದಿಲ್ಲ. ಪುಸ್ತಕದ ಪ್ರಕಾರ ಅವರೇ ಸರಿ. ವೈಬ್ರೇಷನ್ ಮಿತಿಯೊಳಗಿದೆ, ವಿಮಾನ ಹಾರಬಹುದು.

ನಾನು ಹೇಳಿದ್ದು ಎರಡೇ ಮಾತು. ಒಂದು, ನಡುಕ ಎಷ್ಟು ಎಂಬುದು ನನ್ನ ಚಿಂತೆ ಅಲ್ಲ, ನಡುಕದ ಜಾಗ ಬದಲಾಗುತ್ತಿದೆ ಎಂಬುದು. ಎರಡು, ಐದು ವಾರದ ಹಿಂದೆ ಆದ ಲೂಬ್ ಈಗಲೇ ಕೆಟ್ಟಿದೆ ಎಂದರೆ ಅವತ್ತಿನ ಕೆಲಸದಲ್ಲೇ ಏನೋ ಎಡವಟ್ಟಾಗಿದೆ. ಏನು ಎಂದು ಗೊತ್ತಾಗುವವರೆಗೆ ಆ ಕೆಲಸದ ಮಿಕ್ಕ ಭಾಗವನ್ನೂ ನಂಬುವ ಹಾಗಿಲ್ಲ. ಬುಡದ ಬಿರುಕು ಪರೀಕ್ಷೆಯೂ ಅದೇ ರಾತ್ರಿ ಆಗಿತ್ತು.

ಈ ಕೊನೆಯ ಮಾತಿಗೆ ಅವರು ಸುಮ್ಮನಾದರು. ಕಾರಣ ಈ ಕಸುಬಿನವರಿಗೆಲ್ಲ ಗೊತ್ತು. 2018ರ ಏಪ್ರಿಲ್ 17ರಂದು ನ್ಯೂಯಾರ್ಕಿನಿಂದ ಡಲ್ಲಾಸ್‌ಗೆ ಹೊರಟ ಸೌತ್‌ವೆಸ್ಟ್ 1380 ವಿಮಾನದ ಎಡ ಎಂಜಿನ್ನಿನಲ್ಲಿ ಒಂದು ಫ್ಯಾನ್ ಬ್ಲೇಡ್ ಬುಡದಲ್ಲೇ ಮುರಿಯಿತು. ಎಂಜಿನ್ ಹೊದಿಕೆಯ ತುಂಡು ಕಿಟಕಿಗೆ ಬಡಿದು ಒಬ್ಬ ಪ್ರಯಾಣಿಕರು ತೀರಿಕೊಂಡರು. ವಿಮಾನ ಫಿಲಡೆಲ್ಫಿಯಾದಲ್ಲಿ ಇಳಿಯಿತು. ಬುಡದಲ್ಲಿ ದಣಿವಿನ ಬಿರುಕು ನಿಧಾನಕ್ಕೆ ಬೆಳೆದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಆ ಬ್ಲೇಡ್ 32,000ಕ್ಕೂ ಹೆಚ್ಚು ಹಾರಾಟ ಕಂಡಿತ್ತು. ಮೂರೇ ದಿನದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎ ತುರ್ತು ಆದೇಶ ಹೊರಡಿಸಿ, 30,000 ಹಾರಾಟ ದಾಟಿದ ಅದೇ ಮಾದರಿಯ ಎಂಜಿನ್‌ಗಳ ಬ್ಲೇಡ್‌ಗಳನ್ನು 20 ದಿನದಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿತು. ಅದಾದ ಮೇಲೆ ಬುಡವನ್ನು ನೋಡುವ ನಮ್ಮ ಕಣ್ಣೇ ಬದಲಾಯಿತು. ನಮ್ಮ ಬ್ಲೇಡ್‌ಗಳ ವಯಸ್ಸು ಅದರ ಅರ್ಧವೂ ಇರಲಿಲ್ಲ, ಅದನ್ನೂ ಹೇಳಿದೆ. ಹೆದರಿಸಿ ಒಪ್ಪಿಸುವುದು ಬೇಡವಾಗಿತ್ತು.

ಅವರು ಐದು ನಿಮಿಷ ಸಮಯ ಕೇಳಿದರು. ಆಮೇಲೆ ವಾಪಸ್ ಫೋನ್ ಮಾಡಿ, "ಮೊದಲ ಎರಡು ಸೆಕ್ಟರ್ ಕ್ಯಾನ್ಸಲ್ ಮಾಡ್ತೀನಿ. ಮೂರನೇದಕ್ಕೆ ಬೇಕು ನನಗೆ," ಅಂದರು. ಸೆಕ್ಟರ್ ಎಂದರೆ ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ.

ಬಿಚ್ಚಿದಾಗ

ಸ್ಪಿನ್ನರ್ ತೆಗೆದು ಪಕ್ಕದ ರ‍್ಯಾಕ್ ಮೇಲಿಟ್ಟೆವು. ಬ್ಲೇಡ್‌ಗಳಿಗೆ ನಂಬರ್ ಬರೆದು, ಒಂದೊಂದಾಗಿ ಎಳೆದೆವು. ಚೆನ್ನಾಗಿರುವ ಬ್ಲೇಡ್ ಕೈಯಲ್ಲೇ ಜಾರಿ ಬರುತ್ತದೆ. ಇಲ್ಲಿ ಏಳು ಬ್ಲೇಡ್‌ಗಳು ಬರಲಿಲ್ಲ, ಮೆತ್ತಗೆ ತಟ್ಟಿ ಬಿಡಿಸಬೇಕಾಯಿತು. ಅವುಗಳ ಬುಡದಲ್ಲಿ ಲೂಬ್ ಹಳೇ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಎದ್ದಿತ್ತು. ಕೆಲವು ಕಡೆ ಬರೀ ಲೋಹ ಮಿನುಗುತ್ತಿತ್ತು. ಕೆಳಗೆ ಹಳೆಯ ಲೇಪದ ಕಲೆ ಹಾಗೇ ಇತ್ತು. ಅಂದರೆ ಪೂರ್ತಿ ತೊಳೆಯದೆ ಅದರ ಮೇಲೇ ಹೊಸದನ್ನು ಹೊಡೆದಿದ್ದಾರೆ.

ಆ ಬೇಸ್‌ನಿಂದ ಕಾಗದ ತರಿಸಿದಾಗ ಮಿಕ್ಕ ಅರ್ಧ ಗೊತ್ತಾಯಿತು. ಲೂಬ್ ಹೊಡೆದ ಸಹಿಗೂ ಬ್ಲೇಡ್ ಕೂರಿಸಲು ಶುರು ಮಾಡಿದ ಸಹಿಗೂ ನಡುವೆ, ಒಣಗಲು ಮ್ಯಾನ್ಯುಯಲ್ ಹೇಳುವ ಸಮಯದ ಅರ್ಧವೂ ಇರಲಿಲ್ಲ. ನಡುವೆ ಶಿಫ್ಟ್ ಬದಲಾಗಿತ್ತು. ಹೋಗುವವರು ಬರೆದಿಟ್ಟ ಚೀಟಿಯಲ್ಲಿ 'ಲೂಬ್ ಮುಗಿದಿದೆ, ಮಿಕ್ಕ ಬ್ಲೇಡ್ ಕೂರಿಸಿ' ಎಂದಿತ್ತು. ಬಂದವರು ಅದನ್ನು ಒಣಗಿದೆ ಎಂದು ಓದಿಕೊಂಡರು. ಮಳೆಗಾಲದ ರಾತ್ರಿ ಬೇರೆ, ಒಣಗುವುದು ಇನ್ನೂ ನಿಧಾನ. ಇಬ್ಬರೂ ಸೋಮಾರಿಗಳಲ್ಲ. ಒಂದು ಪದವನ್ನು ಇಬ್ಬರು ಎರಡು ರೀತಿ ಓದಿದರು.

ಬಿರುಕು ಪರೀಕ್ಷೆ ಮತ್ತೆ ಮಾಡಿಸಿದೆವು. ಯಾವ ಬ್ಲೇಡಿನಲ್ಲೂ ಬಿರುಕು ಇರಲಿಲ್ಲ. ಒಂದರ ಬುಡದಲ್ಲಿ ಮಾತ್ರ ಲೋಹ ಕಚ್ಚಿ ಕಿತ್ತ ಗುರುತು ಮಿತಿ ದಾಟಿತ್ತು. ಅದನ್ನು ಬದಲಿಸಿದೆವು. ಫ್ಯಾನಿನಲ್ಲಿ ಒಂದು ಬ್ಲೇಡ್ ಬದಲಿಸಿದರೆ ಅದರ ಎದುರಿನದರ ಜೊತೆ ತೂಕ ಹೊಂದಬೇಕು, ಹಾಗಾಗಿ ಎದುರಿನದನ್ನೂ ಬದಲಿಸಿದೆವು. ಈ ಸಲ ಒಣಗಿಸುವಾಗ ಒಬ್ಬ ಹುಡುಗನಿಗೆ ಬೇರೆ ಕೆಲಸವನ್ನೇ ಕೊಡಲಿಲ್ಲ. ಗಡಿಯಾರ ನೋಡುತ್ತಾ ಕೂರುವುದೇ ಅವನ ಕೆಲಸ.

ಎಲ್ಲ ಕೂರಿಸಿ, ಎಂಜಿನ್ ಚಾಲೂ ಮಾಡಿ ನೋಡಿದರೆ ವೈಬ್ರೇಷನ್ 1.9.

ಆ ಕ್ಷಣದ ನನ್ನ ಮುಖ ಯಾರಾದರೂ ಫೋಟೋ ತೆಗೆದಿದ್ದರೆ ಚೆನ್ನಾಗಿತ್ತು. ಎರಡು ಸೆಕ್ಟರ್ ಕ್ಯಾನ್ಸಲ್ ಮಾಡಿಸಿದ್ದೇನೆ, ಇಷ್ಟೆಲ್ಲ ವಾದ ಮಾಡಿದ್ದೇನೆ, ನಡುಕ ಹಾಗೇ ಇದೆ. ಡ್ಯೂಟಿ ಮ್ಯಾನೇಜರ್‌ಗೆ ಏನು ಹೇಳುವುದು ಎಂದು ಯೋಚಿಸುತ್ತಾ ಏಣಿಯ ಮೇಲೆ ಕೂತೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಆ ರಾತ್ರಿ ಸ್ಕ್ರೂ ಡಬ್ಬಿ ಹಿಡಿದಿದ್ದ ಅದೇ ಇಂಜಿನಿಯರ್ ಹಣೆ ಚಚ್ಚಿಕೊಂಡ. ರ‍್ಯಾಕ್ ಮೇಲಿಟ್ಟಿದ್ದ ಸ್ಪಿನ್ನರನ್ನು ಹಾಗೇ ಎತ್ತಿ ಹಾಕಿದ್ದೇವೆ. ನಾಲ್ಕು ಗಂಟೆಯ ಜಾಗದಲ್ಲಿ ನಾವೇ ಇಟ್ಟ ಕಲ್ಲು ಹಾಗೇ ಇದೆ!

ಐದು ಜನ ಇದ್ದೆವು. ಇಡೀ ರಾತ್ರಿ ಆ ಭಾರದ ಬಗ್ಗೆಯೇ ವಾದ ಮಾಡಿದವರು. ಅದನ್ನು ತೆಗೆಯಬೇಕು ಎಂದು ಒಬ್ಬರಿಗೂ ನೆನಪಾಗಲಿಲ್ಲ. ಸ್ಕ್ರೂಗಳನ್ನು ಮೊದಲಿನ ಸ್ಥಿತಿಗೆ ತಂದು ಮತ್ತೆ ಚಾಲೂ ಮಾಡಿದೆವು. 0.5. ಮೂರನೆಯ ಸೆಕ್ಟರ್ ನಲವತ್ತು ನಿಮಿಷ ತಡವಾಗಿ ಹೊರಟಿತು.

ಆಮೇಲೆ ಬದಲಾದದ್ದು

ಆರು ತಿಂಗಳು ಆ ಎಂಜಿನ್ನಿನ ಗ್ರಾಫ್ ನೋಡುತ್ತಲೇ ಇದ್ದೆ. ಗೆರೆ ನೆಟ್ಟಗಿತ್ತು.

ನಮ್ಮ ಶಿಫ್ಟಿನಲ್ಲಿ ಒಂದೆರಡು ರೂಢಿ ಬದಲಾದವು. ಒಂದೇ ವಿಮಾನದ ಒಂದೇ ದೂರು ಎರಡನೆಯ ಸಲ ಬಂದರೆ, ಮುಚ್ಚುವ ಮೊದಲು ಹಿಂದಿನ ತಿಂಗಳ ಅಂಕಿ ತೆಗೆದು ನೋಡಬೇಕು. ಟ್ರಿಮ್ ಬ್ಯಾಲೆನ್ಸ್ ಮಾಡಿದರೆ ಕೋನವನ್ನೂ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಮೊದಲು ಬರೀ ರಂಧ್ರದ ನಂಬರ್ ಬರೆಯುತ್ತಿದ್ದೆವು, ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸವೇ ಇರಲಿಲ್ಲ. ಆ ಬೇಸ್‌ನವರು ಲೂಬ್ ಕಾರ್ಡಿನಲ್ಲಿ 'ಒಣಗಲು ಶುರು' ಮತ್ತು 'ಒಣಗಿದೆ' ಎಂದು ಎರಡು ಬೇರೆ ಸಹಿ ಜಾಗ ಮಾಡಿಕೊಂಡರು. ಅವರಲ್ಲಿ ಯಾರ ಮೇಲೂ ಕ್ರಮ ಆಗಲಿಲ್ಲ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಕ್ರಮ ಆಗಿದ್ದರೆ ಮುಂದಿನ ಸಲ ಸಹಿಯ ಸಮಯ ಸರಿಯಾಗಿ ಬರೆಯುವವರೇ ಇರುತ್ತಿರಲಿಲ್ಲ. ನಮಗೆ ಕಾರಣ ಸಿಕ್ಕಿದ್ದೇ ಅವರು ಸಮಯವನ್ನು ಪ್ರಾಮಾಣಿಕವಾಗಿ ಬರೆದಿದ್ದರಿಂದ.

ಹಾಗೆಂದು ಟ್ರಿಮ್ ಬ್ಯಾಲೆನ್ಸ್ ಕೆಟ್ಟದ್ದು ಎಂದು ಯಾರೂ ಓದಿಕೊಳ್ಳಬಾರದು. ಈ ಪ್ರಕರಣ ಆಗಿ ಮೂರು ತಿಂಗಳಿಗೆ ಇನ್ನೊಂದು ವಿಮಾನದಲ್ಲಿ ಇದೇ ತರಹ ನಡುಕ ಬಂತು. ನಾನು ಹೊಸ ಭಕ್ತನ ಹಾಗೆ ಬ್ಲೇಡ್ ಬಿಚ್ಚಿ ಎಂದು ಹಟ ಹಿಡಿದೆ. ಬಿಚ್ಚಿದರೆ ಬುಡ ಎಲ್ಲ ಚೊಕ್ಕ. ಆಮೇಲೆ ಗ್ರಾಫ್ ನೋಡಿದರೆ ಕೋನ ಮೂರು ವಾರದಿಂದ ಒಂದೇ ಕಡೆ ನಿಂತಿತ್ತು. ಎರಡು ಸ್ಕ್ರೂ ಹಾಕಿದರೆ ಮುಗಿಯುವ ಕೆಲಸ. ಒಂದು ರಾತ್ರಿ ವ್ಯರ್ಥವಾಯಿತು. ಗ್ರಾಫ್ ಮೊದಲು ನೋಡಬೇಕು ಎಂಬ ರೂಢಿ ಮಾಡಿದವನೇ ನಾನು, ನೋಡದೆ ಹಟ ಹಿಡಿದವನೂ ನಾನೇ. ಡ್ಯೂಟಿ ಮ್ಯಾನೇಜರ್ ಅವತ್ತು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಕ್ಯಾಂಟೀನಿನಲ್ಲಿ ಸಿಕ್ಕಾಗ, "ಸಾರ್, ಈ ಸಲ ಕಾಫಿ ನೀವೇ ಕೊಡಿಸಬೇಕು," ಅಂದರು. ಕೊಡಿಸಿದೆ.

ಟ್ರೇನಿ ಹುಡುಗ ಈಗ ಲೈಸೆನ್ಸ್ ತೆಗೆದುಕೊಂಡು ಬೇರೆ ಕಡೆ ಇದ್ದಾನೆ. ಬ್ಲೇಡ್ ಬಿಚ್ಚಿದ ಆ ದಿನ ಅವನಿಗೆ ರಜೆ ಇತ್ತು. ಮರುದಿನ ರಾತ್ರಿ ಶಿಫ್ಟಿಗೆ ಬಂದಾಗ ಅವನನ್ನು ಎಡ ಎಂಜಿನ್ ಮುಂದೆ ನಿಲ್ಲಿಸಿದೆ. ಗಾಳಿ ಇರಲಿಲ್ಲ. ನಾನೇ ಫ್ಯಾನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ಕಟ, ಕಟ, ಕಟ.

"ಈಗ ಸದ್ದ ಮಾಡಾಕತ್ತೈತಿ ನೋಡ್ರಿ," ಅಂದ.